ಏಳು ಕೊಳಗಗಳ ಕಲಾಯಿ

ಕೆನಡಾದ ಬೋಲ್ಟನ್ ಎಂಬ ಊರಿನ ಒಂದು ವೇರ್‌ಹೌಸಿನಲ್ಲಿ ನಾನು ಶಿಪ್ಪಿಂಗ್ ನೋಡಿಕೊಳ್ಳುತ್ತೇನೆ. ಯಾವ ಪಾರ್ಸಲ್ಲು ಎಲ್ಲಿದೆ, ಯಾಕೆ ತಡವಾಯಿತು, ತಪ್ಪು ಯಾರದು ಎಂದು ಫೋನಿನಲ್ಲಿ ಸಮಾಧಾನದಿಂದ ಹೇಳುವುದು ನನ್ನ ಹೊಟ್ಟೆಪಾಡು. ಹನ್ನೊಂದು ವರ್ಷ ಅದನ್ನೇ ಮಾಡಿ ಮಾಡಿ, ಗೊತ್ತಿಲ್ಲದ್ದನ್ನು ಗೊತ್ತಿರುವಂತೆ, ಇದ್ದದ್ದನ್ನು ಇಲ್ಲದಂತೆ ಹೇಳುವ ಅಭ್ಯಾಸ ನಾಲಗೆಗೆ ಹತ್ತಿಬಿಟ್ಟಿದೆ. ಮುಂದೆ ಹೇಳಲಿರುವ ನನ್ನ ಕೆಟ್ಟ ಕೆಲಸಕ್ಕೆ ಅದು ಬಹಳ ಉಪಯೋಗಕ್ಕೆ ಬಂತು.

ಇಲ್ಲಿಗೆ ಬರುವ ಮೊದಲು ನಾನು ಧಾರವಾಡದಲ್ಲಿ ಶಿಲ್ಪಕಲೆ ಕಲಿತವಳು. ಈಗ ಯಾರಿಗಾದರೂ ಹೇಳಿದರೆ "ಓ, ನೈಸ್" ಅನ್ನುತ್ತಾರೆ, ಅಷ್ಟೇ. ಎರಡನೆಯ ವರ್ಷ ಹುಬ್ಬಳ್ಳಿಯ ಕಾಳಿನ ಪೇಟೆಯಿಂದ ಹರಿದ ಗೋಣಿಚೀಲಗಳನ್ನು ತಂದು, ಸುಣ್ಣದ ನೀರಿನಲ್ಲಿ ಅದ್ದಿ, ಬಚ್ಚಲೊಲೆಯ ಬೂದಿ ಮೆತ್ತಿ, ಆಳೆತ್ತರದ ಒಂದು ಆಕೃತಿ ನಿಲ್ಲಿಸಿದ್ದೆ. ನಮ್ಮ ಸರ್ ಅದನ್ನು ಎರಡು ಸುತ್ತು ಹಾಕಿ ನೋಡಿ, "ಇದನ್ನ ಮನಿಯೊಳಗ ಯಾರು ಇಟ್ಕೋತಾರವಾ?" ಎಂದರು. ವರ್ಷದ ಕೊನೆಯ ಪ್ರದರ್ಶನಕ್ಕೆ ಅಪ್ಪ ಬರುತ್ತಾನೆಂದು ಎರಡು ದಿನ ಬಾಗಿಲು ಕಾದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಒಂದು ತಾಸೂ ಆಗುವುದಿಲ್ಲ. ಅವನು ಬರಲಿಲ್ಲ. ಪ್ರದರ್ಶನ ಮುಗಿದ ಮೇಲೆ ಆ ಆಕೃತಿಯನ್ನು ಕಾಲೇಜಿನ ವಾಚ್‌ಮನ್ ಚಳಿಗೆ ಉರಿಸಿಕೊಂಡ.

ಆಮೇಲೆ ಮದುವೆ, ಕೆನಡಾ, ಮಗಳು, ಮನೆಯ ಸಾಲ, ಶಿಫ್ಟು. ಗಂಡನ ಕೆಲಸ ಪಿಕರಿಂಗ್ ಎಂಬ ಊರಿನಲ್ಲಿ, ನನ್ನದು ಇಲ್ಲಿ. ಬೆಳಿಗ್ಗೆ ಅವರು ಪೂರ್ವಕ್ಕೆ ಹೋದರೆ ಸಂಜೆ ಊಟಕ್ಕೇ ಮುಖ ಕಾಣುವುದು. ಶಿಲ್ಪವನ್ನು ನಾನು ಬಿಟ್ಟೆನೋ ಅದು ನನ್ನನ್ನು ಬಿಟ್ಟಿತೋ ಎಂದು ಯೋಚಿಸಲೂ ಪುರುಸೊತ್ತು ಇರಲಿಲ್ಲ.

ಹೀಗಿರುವಾಗ, ನಮ್ಮ ವೇರ್‌ಹೌಸಿನ ಸಾಲಿನಲ್ಲೇ ನಾಲ್ಕು ಶಟರ್ ಆಚೆ, ಇಟಲಿಯ ಶಿಲ್ಪಿಯೊಬ್ಬ ಒಂದು ಯೂನಿಟ್ಟು ಬಾಡಿಗೆಗೆ ಹಿಡಿದ. ಅವನ ಹೆಂಡತಿ ಇಲ್ಲೇ ಹತ್ತಿರದ ಅರೋರಾ ಎಂಬ ಊರಿನವಳು. ಅವಳ ಊರಿನಲ್ಲಿ ಇಷ್ಟು ದೊಡ್ಡ ಜಾಗ ಸಿಗದೆ ಇಲ್ಲಿಗೆ ಬಂದಿದ್ದ. ಅರವತ್ತರ ಹತ್ತಿರದ ವಯಸ್ಸು, ತೆಳ್ಳನೆಯ ಮೈ, ಮೊಣಕೈಯಲ್ಲಿ ತೂತು ಬಿದ್ದ ಸ್ವೆಟರು. ಒಂದು ದಿನ ನಾವು ಟ್ರಕ್ಕಿಗೆ ಸಾಮಾನು ಏರಿಸಿ ಇಳಿಸುವ ಡಾಕಿಗೆ ಬಂದು, ಡಬ್ಬಿ ಪೇರಿಸುವ ಮರದ ಪ್ಯಾಲೆಟ್ಟುಗಳಲ್ಲಿ ಮುರಿದವಿದ್ದರೆ ಕೊಡುತ್ತೀರಾ ಎಂದು ಹರಕು ಇಂಗ್ಲಿಷಿನಲ್ಲಿ ಕೇಳಿದ. ಹೇಗೂ ಎಸೆಯುವುದೇ, ಕೊಟ್ಟೆ. ಮುಂದಿನ ವಾರ ಕಾಫಿಬೀಜದ ಖಾಲಿ ಗೋಣಿಚೀಲ ಕೇಳಿದ. ಅದನ್ನೂ ಕೊಟ್ಟೆ. ಆದರೆ ಚೀಲ ಕೇಳಿದಾಗ ಧಾರವಾಡದ ಆ ಆಕೃತಿ ನೆನಪಾಯಿತು.

ಅವನ ಯೂನಿಟ್ಟಿಗೆ ಹೋಗಿ ನೋಡಿದೆ. ಸೂರಿನಿಂದ ಗೋಣಿತಾಟುಗಳು ಇಳಿಬಿದ್ದಿದ್ದವು. ಒಂದು ಮೂಲೆಯಲ್ಲಿ ಇದ್ದಿಲು, ಇನ್ನೊಂದರಲ್ಲಿ ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು, ಮೇಜಿನ ಮೇಲೆ ಜೇನುಮೇಣ, ರಾಳ, ಸೀಸದ ತಗಡು. ಪಿಜ್ಜಾ ಒಲೆಗಳ ಬೂದಿಯನ್ನು ಬಕೆಟ್ಟುಗಳಲ್ಲಿ ತುಂಬಿಟ್ಟಿದ್ದ. ಇದೆಲ್ಲ ಏನು ಎಂದು ಕೇಳಿದ್ದಕ್ಕೆ ಬಹಳ ಖುಷಿಯಿಂದ ವಿವರಿಸಿದ. ಹಳೆಯ ಕಾಲದ ರಸವಾದಿಗಳು ಕೀಳು ಲೋಹವನ್ನು ಚಿನ್ನ ಮಾಡಲು ಮೂರು ಘಟ್ಟ ಹೇಳಿದ್ದರಂತೆ. ಮೊದಲು ಎಲ್ಲ ಕೊಳೆತು ಕಪ್ಪಾಗಬೇಕು, ಆಮೇಲೆ ತೊಳೆದು ಬೆಳ್ಳಗಾಗಬೇಕು, ಕೊನೆಗೆ ಹಣ್ಣಾಗಿ ಕೆಂಪಾಗಬೇಕು. ಅವನು ಚಿನ್ನ ಮಾಡುವುದಿಲ್ಲ, ಆ ಮೂರು ಬಣ್ಣಗಳನ್ನು ಮಾಡುತ್ತಾನೆ, ಅದೂ ಯಾರೂ ಕಣ್ಣೆತ್ತಿ ನೋಡದ ಸಾಮಾನಿನಿಂದ. ನಾನು ತಲೆಯಾಡಿಸುತ್ತ ನಿಂತಿದ್ದೆ.

ಊಟದ ಬ್ರೇಕಿನಲ್ಲಿ ಫೋನಿನಲ್ಲಿ ಅವನನ್ನು ಹುಡುಕಿದೆ. ಎಲ್ಲೆಲ್ಲಿಯದೋ ದೊಡ್ಡ ಮ್ಯೂಸಿಯಮ್ಮುಗಳು, ಬೆಳ್ಳನೆಯ ಗೋಡೆ, ಆ ಗೋಡೆಯ ಮೇಲೆ ಸೀಸದ ತಂತಿಯಿಂದ ಬಿಗಿದ ಒಂದು ಮಡಚಿದ ಗೋಣಿಚೀಲ, ಅದರ ಮುಂದೆ ಕೈಕಟ್ಟಿ ನಿಂತ ಸೂಟಿನ ಮಂದಿ. ನನಗೆ ಹೊಟ್ಟೆ ಉರಿಯಿತು. ಇದಕ್ಕೆ ಬೇರೆ ಹೆಸರು ಕೊಡುವುದಿಲ್ಲ. ಅದೇ ಗೋಣಿ, ಅದೇ ಬೂದಿ. ನನ್ನದಕ್ಕೆ ಬೆಂಕಿ, ಅವನದಕ್ಕೆ ಲೈಟು. ಅವತ್ತು ಡಬ್ಬಿಯ ಅನ್ನ ಹಾಗೇ ಉಳಿಯಿತು.

ಅದಾದ ಮೇಲೂ ಪ್ಯಾಲೆಟ್ಟು ಕೊಡುವುದನ್ನು ಬಿಡಲಿಲ್ಲ. ಅವನಿಗೆ ನಾನು ಪ್ಯಾಲೆಟ್ಟು ಕೊಡುವ ಹೆಂಗಸು, ಅಷ್ಟೇ. ನಾನೂ ಶಿಲ್ಪ ಮಾಡಿದವಳು ಎಂದು ಹೇಳಬೇಕೆಂದು ನಾಲ್ಕಾರು ಸಲ ಬಾಯಿ ತೆರೆದು ಮುಚ್ಚಿದೆ. ಹೇಳಿದರೆ ಅವನೂ "ಓ, ನೈಸ್" ಅಂದುಬಿಟ್ಟರೆ ಎಂಬ ಹೆದರಿಕೆ.

ಕಳೆದ ವರ್ಷ ಮೇ ತಿಂಗಳಲ್ಲಿ ಅಪ್ಪ ಬಂದ. ಎಪ್ಪತ್ತೇಳು ವರ್ಷ. ಹುಬ್ಬಳ್ಳಿಯಲ್ಲಿ ಅಣ್ಣನ ತುಂಬಿದ ಮನೆಯಲ್ಲಿರುತ್ತಾನೆ, ನನ್ನಲ್ಲಿಗೆ ನಾಲ್ಕು ತಿಂಗಳಿಗೆಂದು ಬಂದದ್ದು. ಅವನು ತಾಮ್ರ ಬಡಿಯುವವನು. ನಮ್ಮ ಓಣಿಯಲ್ಲಿ ಹಂಡೆ, ಕೊಡ, ಕೊಳಗ ಬಡಿದು ಮಾಡುತ್ತಿದ್ದ. ಹಳೆಯ ಪಾತ್ರೆಗಳಿಗೆ ಕಲಾಯಿ ಹಾಕಿಕೊಡುತ್ತಿದ್ದ. ಸ್ಟೀಲು ಬಂದು ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಅವನ ಅಂಗೈಯ ಗಂಟುಗಳು ಕರಗಿರಲಿಲ್ಲ.

ಕಲಾಯಿ ಹಾಕುವುದನ್ನು ನೋಡದವರಿಗೆ ಒಂದು ಮಾತು. ತಾಮ್ರದ ಪಾತ್ರೆಯನ್ನು ಇದ್ದಿಲಿನ ಕೆಂಡದ ಮೇಲೆ ಕಾಯಿಸಿ, ಒಳಗೆ ನವಸಾಗರದ ಪುಡಿ ಉದುರಿಸುತ್ತಾರೆ. ದಟ್ಟ ಬಿಳಿ ಹೊಗೆ ಏಳುತ್ತದೆ, ಕಣ್ಣು ಮೂಗು ಉರಿಯುತ್ತದೆ. ಆ ಹೊಗೆ ತಾಮ್ರದ ಮೈಲಿಗೆಯನ್ನೆಲ್ಲ ತಿಂದುಹಾಕುತ್ತದೆ. ಆಗ ತವರದ ಕಡ್ಡಿ ಮುಟ್ಟಿಸಿದರೆ ಅದು ನೀರಾಗಿ ಹರಿಯುತ್ತದೆ, ಅದನ್ನು ಹತ್ತಿಯ ಉಂಡೆಯಿಂದ ಒಂದೇ ಏಟಿಗೆ ಸುತ್ತಲೂ ಒರೆಸಬೇಕು. ಕೆಂಪು ಪಾತ್ರೆ ಕಣ್ಣೆದುರೇ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಒಂದು ಕ್ಷಣ ಮುಂಚೆಯಾದರೆ ತವರ ಹಿಡಿಯದು, ಒಂದು ಕ್ಷಣ ತಡವಾದರೆ ಸುಟ್ಟು ಕಪ್ಪಾಗುತ್ತದೆ.

ಚಿಕ್ಕವಳಿದ್ದಾಗ ಇದನ್ನು ನಾನು ದಿನಾ ನೋಡುತ್ತಿದ್ದೆ, ಆದರೆ ಹೊಸ್ತಿಲಿನಿಂದ. ಹೆಣ್ಣುಕೈ ತಾಗಿದರೆ ಕಲಾಯಿ ಹಿಡಿಯುವುದಿಲ್ಲ ಎಂಬ ನಂಬಿಕೆ ನಮ್ಮ ಓಣಿಯಲ್ಲಿತ್ತು. ಒಂಬತ್ತನೆಯ ವಯಸ್ಸಿನಲ್ಲಿ ಒಂದು ಸಲ, ಅಪ್ಪ ನೀರು ಕುಡಿಯಲು ಎದ್ದಾಗ, ಹತ್ತಿಯ ಉಂಡೆ ಕೈಗೆತ್ತಿಕೊಂಡಿದ್ದೆ. ಅಪ್ಪ ಹೊಡೆಯಲಿಲ್ಲ. ಉಂಡೆಯನ್ನು ಕೈಯಿಂದ ತೆಗೆದು ಕೆಂಡಕ್ಕೆ ಎಸೆದು, ಹೊಸ ಹತ್ತಿ ತೆಗೆದುಕೊಂಡ. ಹೊಡೆದಿದ್ದರೆ ಇಷ್ಟು ದಿನಕ್ಕೆ ಮರೆತಿರುತ್ತಿದ್ದೆ.

ಜೂನಿನ ಒಂದು ಶನಿವಾರ ಅಪ್ಪನನ್ನು ಆ ಇಟಲಿಯವನ ಯೂನಿಟ್ಟಿಗೆ ಕರೆದುಕೊಂಡು ಹೋದವಳು ನಾನೇ. ಮನಸ್ಸಿನಲ್ಲಿ ಒಂದು ಲೆಕ್ಕಾಚಾರ ಇತ್ತು. ನೋಡು, ಇಲ್ಲಿ ಗೋಣಿಚೀಲಕ್ಕೂ ಮರ್ಯಾದೆ ಇದೆ, ನಿನ್ನ ಮಗಳು ಅವತ್ತು ಮಾಡಿದ್ದು ಹುಚ್ಚಲ್ಲ ಎಂದು ತೋರಿಸಬೇಕಿತ್ತು. ಅಪ್ಪ ಗೋಣಿಚೀಲಗಳ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲಲ್ಲಿ ನಿಂತು ಸುತ್ತ ಕಣ್ಣಾಡಿಸಿದವನು ಸೀದಾ ಮೂಲೆಗೆ ನಡೆದ. ಅಲ್ಲಿ ತಾಮ್ರದ ಏಳು ಕೊಳಗಗಳಿದ್ದವು.

ಅವು ಇಟಲಿಯ ಹಳ್ಳಿಗಳಲ್ಲಿ ಮೆಕ್ಕೆಜೋಳದ ಹಿಟ್ಟು ಕುದಿಸುವ ಹಳೆಯ ಕೊಳಗಗಳಂತೆ. ನಾನು ಅನುವಾದಿಸಿ ಹೇಳಿದೆ. "ಹಂಗಾರ ಇವರೂ ನುಚ್ಚು ಉಣ್ಣಾವ್ರ" ಎಂದು ಅಪ್ಪ ಮುಖ ಅರಳಿಸಿದ. ಒಂದೊಂದು ಕೊಳಗವನ್ನೂ ಎತ್ತಿ, ಗೆಣ್ಣಿನಿಂದ ಬಡಿದು, ಕಿವಿಯ ಹತ್ತಿರ ಹಿಡಿದು ಕೇಳಿದ. ಶಿಲ್ಪಿ ಮಾತಾಡುವುದನ್ನು ನಿಲ್ಲಿಸಿ ಅವನ ಕೈಯನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ, ಈ ಕೊಳಗಗಳ ಒಳಗು ಬೆಳ್ಳಗಾಗಬೇಕು, ಒಂದು ಕಡೆ ಕೊಟ್ಟು ಮಾಡಿಸಿದೆ, ಯಂತ್ರದ ಬಿಳುಪು ಬಂತು, ನನಗೆ ಕೈಯ ಬಿಳುಪು ಬೇಕು ಎಂದ. ಸೆಪ್ಟೆಂಬರಿನಲ್ಲಿ ಟೊರೊಂಟೊದಲ್ಲಿ ಅವನ ದೊಡ್ಡ ಪ್ರದರ್ಶನವಿತ್ತು. ನಾನು ಹೇಳಿ ಮುಗಿಸುವ ಮೊದಲೇ ಅಪ್ಪ ಅಂದ, "ಕಲಾಯಿ. ನಾ ಹಾಕಿಕೊಡ್ತೀನಿ ಅಂತ ಹೇಳು."

ಅಲ್ಲಿಂದ ಅಪ್ಪ ನಮ್ಮ ಮನೆಯವನಾಗಿ ಉಳಿಯಲಿಲ್ಲ. ಬೆಳಿಗ್ಗೆ ಚಹಾ ಕುಡಿದು, ತಲೆಗೆ ಮಂಕಿ ಟೋಪಿ ಏರಿಸಿ, ಅದೂ ಜೂನಿನಲ್ಲಿ, ಇಪ್ಪತ್ತು ನಿಮಿಷ ನಡೆದು ಅಲ್ಲಿಗೆ ಹೋಗುತ್ತಿದ್ದ. ಇಬ್ಬರೂ ಸೇರಿ ಎಣ್ಣೆಯ ಡ್ರಮ್ಮು ಕತ್ತರಿಸಿ ಒಲೆ ಮಾಡಿದರು, ತಿದಿಯ ಬದಲು ಹೇರ್‌ಡ್ರೈಯರ್ ಜೋಡಿಸಿದರು. ಅಪ್ಪನಿಗೆ ಇಂಗ್ಲಿಷ್ ಬಾರದು, ಶಿಲ್ಪಿಗೆ ಕನ್ನಡ ಬಾರದು. ಕೈಸನ್ನೆಯಲ್ಲೇ ದಿನ ಕಳೆಯುತ್ತಿದ್ದರು. ಶಿಲ್ಪಿ ಅಪ್ಪನನ್ನು ತಮ್ಮ ಭಾಷೆಯಲ್ಲಿ ಮಾಯೆಸ್ತ್ರೋ, ಅಂದರೆ ಗುರು, ಅನ್ನುತ್ತಿದ್ದ, ಅಪ್ಪ ಅವನನ್ನು ಉಸ್ತಾದ ಅನ್ನುತ್ತಿದ್ದ. ನನ್ನನ್ನು ಕರೆಯುತ್ತಿದ್ದದ್ದು ಜಗಳ ಬಂದಾಗ ಮಾತ್ರ.

ಒಂದು ಜಗಳ ನೆನಪಿದೆ. ಒಂದೊಂದು ಲೋಹಕ್ಕೆ ಒಂದೊಂದು ಗ್ರಹ ಎಂದು ಶಿಲ್ಪಿ ಗೋಡೆಯ ಮೇಲೆ ಚಿತ್ರ ಬರೆದಿದ್ದ. ಸೀಸಕ್ಕೆ ಶನಿ, ತವರಕ್ಕೆ ಗುರು, ತಾಮ್ರಕ್ಕೆ ಶುಕ್ರ. ಅಪ್ಪ ತಾಮ್ರದ ಹತ್ತಿರ ಬಂದು ತಲೆ ಅಡ್ಡ ಆಡಿಸಿದ. "ತಾಮ್ರ ಸೂರ್ಯಂದು. ಎಲ್ಲಾ ಊರಾಗೂ ಸೂರ್ಯಂದ. ಇವಗ ಯಾರೋ ತಪ್ಪು ಹೇಳಿಕೊಟ್ಟಾರ." ಅರ್ಧ ದಿನ ರಜೆ ಹಾಕಿ ನಾನು ಇಬ್ಬರ ನಡುವೆ ನಿಂತು ಶುಕ್ರನನ್ನೂ ಸೂರ್ಯನನ್ನೂ ಅನುವಾದಿಸಿದೆ. ಕೊನೆಗೆ ಶಿಲ್ಪಿ ಶುಕ್ರನ ಪಕ್ಕ ಒಂದು ಸಣ್ಣ ಸೂರ್ಯನನ್ನೂ ಬರೆದ. ಅಪ್ಪ ಅವನ ಬೆನ್ನು ತಟ್ಟಿದ. ನನ್ನ ಬೆನ್ನನ್ನು ಅವನು ಯಾವತ್ತು ತಟ್ಟಿದ್ದ ಎಂದು ಯೋಚಿಸುತ್ತ ನಾನು ಶಿಫ್ಟಿಗೆ ವಾಪಸ್ಸು ಹೋದೆ.

ರಾತ್ರಿ ಊಟಕ್ಕೆ ಕೂತರೂ ಅಪ್ಪನಿಗೆ ಶಿಲ್ಪಿಯದೇ ಮಾತು. "ಉಸ್ತಾದನ ಕೈ ಭಾಳ ಹಗೂರ ಐತಿ." "ಉಸ್ತಾದಗ ನಮ್ಮ ಎಣ್ಣಿಗಾಯಿ ಸೇರಿತು. ನಾಳೆ ಎರಡು ರೊಟ್ಟಿ ಹೆಚ್ಚಿಗಿ ಬಡಿ." ಬೆಳಗಿನ ಜಾವ ಅವನಿಗಾಗಿ ಕಣ್ಣುಜ್ಜಿಕೊಳ್ಳುತ್ತ ಎದ್ದು ರೊಟ್ಟಿ ಬಡಿದೆ. ಬಡಿಯುವ ಸಪ್ಪಳ ಸ್ವಲ್ಪ ಜೋರಾಗೇ ಇತ್ತು. ಮಗಳಂತೂ "ಅಜ್ಜ ಈಸ್ ಸೋ ಕೂಲ್" ಎಂದು ಮೆರೆಸುತ್ತಿದ್ದಳು. ಗಂಡ ಅಂದರು, "ನಿಮ್ಮಪ್ಪಗ ಟೈಮ್‌ಪಾಸ್ ಆಗಾಕತ್ತೈತಿ, ಬಿಡು. ಮನ್ಯಾಗ ಕುಂತು ಟಿವಿ ನೋಡೋದಕ್ಕಿಂತ ಛಲೋ ಅಲ್ಲೇನು?" ಛಲೋ ಹೌದು. ಅದಕ್ಕೇ ನನಗೆ ಸಿಟ್ಟು ಬರುತ್ತಿತ್ತು.

ಇನ್ನು ನವಸಾಗರ ಒಂದು ಬೇಕಿತ್ತು. ಪಕ್ಕದ ಊರು ಬ್ರಾಂಪ್ಟನ್ನಿನ ಇಂಡಿಯನ್ ಅಂಗಡಿಗಳಲ್ಲಿ ಕೇಳಿದೆ. ಒಬ್ಬ ಪಂಜಾಬಿ ಮುದುಕ ಮಾತ್ರ "ನೌಸಾದರ್? ಅದನ್ನು ಯಾರೂ ಕೇಳಿ ಎಷ್ಟೋ ವರ್ಷವಾಯಿತು ಬೇಟಿ" ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಕೊನೆಗೆ ಆನ್‌ಲೈನಿನಲ್ಲಿ ಆರ್ಡರ್ ಹಾಕಿದೆ. ಅದು ಬರುವವರೆಗೆ ಅಪ್ಪ ತಣ್ಣನೆಯ ಕೊಳಗದಲ್ಲೇ ಶಿಲ್ಪಿಗೆ ಒರೆಸುವುದನ್ನು ಕಲಿಸತೊಡಗಿದ. ಕಲಾಯಿಗೆ ಇಬ್ಬರು ಬೇಕು. ಒಬ್ಬ ಇಕ್ಕಳದಿಂದ ಪಾತ್ರೆ ತಿರುಗಿಸುವವನು, ಇನ್ನೊಬ್ಬ ಒರೆಸುವವನು. ಕೆಲವು ಕೊಳಗಗಳನ್ನು ಅಪ್ಪನೇ ಒರೆಸುವುದು, ಉಳಿದವನ್ನು ಶಿಲ್ಪಿ ಎಂದು ಮಾತಾಗಿತ್ತು.

ಜುಲೈ ಮೊದಲ ಶನಿವಾರ ನಾನು ಹೋದಾಗ ಅಪ್ಪ ಅವನ ಹಿಂದೆ ನಿಂತಿದ್ದ. ಅವನ ಮಣಿಕಟ್ಟನ್ನು ತನ್ನ ಕೈಯಲ್ಲಿ ಹಿಡಿದು, ಕೊಳಗದ ಒಳಗೆ ತಿರುಗಿಸಿ ತೋರಿಸುತ್ತಿದ್ದ. ಬೆರಳು ಬಿಗಿಯಬಾರದು, ಮಣಿಕಟ್ಟು ಮಾತ್ರ ಹೊರಳಬೇಕು. ಅದು ನನಗೆ ಗೊತ್ತಿತ್ತು. ಹೊಸ್ತಿಲಲ್ಲಿ ಕೂತು ಎಷ್ಟು ಸಾವಿರ ಸಲ ನೋಡಿದ್ದೆನೋ. ಶಿಲ್ಪಿ ಬೆರಳು ಬಿಗಿಯುತ್ತಿದ್ದ, ಅಪ್ಪ ತಾಳ್ಮೆಯಿಂದ ಬಿಡಿಸುತ್ತಿದ್ದ. ನನ್ನ ಕೈ ತನ್ನಷ್ಟಕ್ಕೆ ಗಾಳಿಯಲ್ಲಿ ಹೊರಳಿತು. ಬಾಯಿಬಿಟ್ಟು ಕೇಳಿಯೇಬಿಟ್ಟೆ, "ಅಪ್ಪಾ, ನಾ ಒಂದು ಸಲ ಹಿಡೀಲೇನು?"

ಅಪ್ಪ ತಿರುಗಲಿಲ್ಲ. "ನೀ ಮಾತು ಹೇಳವಾ, ಸಾಕು. ಬೆರಳು ಸಡಲ ಬಿಡು ಅಂತ ಹೇಳು ಅವಗ."

ನಾನು ಹೇಳಿದೆ. ಬೆರಳು ಸಡಿಲ ಬಿಡಬೇಕಂತೆ ಎಂದು ಇಂಗ್ಲಿಷಿನಲ್ಲಿ ಚೊಕ್ಕವಾಗಿ ಹೇಳಿದೆ. ಆಮೇಲೆ ಹೋಗಿ ಕಾರಿನಲ್ಲಿ ಕೂತೆ. ನಲವತ್ತಾರು ವರ್ಷದ ಹೆಂಗಸು, ಒಬ್ಬ ಪರದೇಶಿ ಮುದುಕನ ಮಣಿಕಟ್ಟಿನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ ಎಂದು ನಾಚಿಕೆಯೂ ಆಯಿತು. ನಾಚಿಕೆಯಾದರೆ ಕಿಚ್ಚು ಆರುತ್ತದೆ ಅಂದುಕೊಂಡಿದ್ದೆ. ಆರಲಿಲ್ಲ.

ಮಂಗಳವಾರ ನವಸಾಗರದ ಪ್ಯಾಕೆಟ್ಟು ಬಂತು. ಮನೆಯ ಬಾಗಿಲಲ್ಲಿ ಬಿದ್ದಿತ್ತು. ಎತ್ತಿಕೊಂಡೆ, ಬ್ಯಾಗಿಗೆ ಹಾಕಿದೆ, ವೇರ್‌ಹೌಸಿನ ನನ್ನ ಲಾಕರಿನಲ್ಲಿ ಇಟ್ಟು ಬೀಗ ಹಾಕಿದೆ. ಯೋಚಿಸಿ ಮಾಡಿದ್ದಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ದಿನ ತಡ ಮಾಡೋಣ, ಅಪ್ಪ ಒಂದು ದಿನ ನನ್ನ ಮುಖ ನೋಡಿ ಕಾಯಲಿ ಅನ್ನಿಸಿತು. ಸಂಜೆ ಅಪ್ಪ ಕೇಳಿದ, "ನವಸಾಗರ ಬಂತೇನು?"

"ಇನ್ನೂ ಇಲ್ಲಪಾ. ಕಸ್ಟಮ್ಸಿನ್ಯಾಗ ಹೋಲ್ಡ್ ಆಗೈತಿ."

ಎಷ್ಟು ಸಲೀಸಾಗಿ ಬಂತು ಆ ಮಾತು. ದಿನಕ್ಕೆ ಹತ್ತು ಸಲ ಗಿರಾಕಿಗಳಿಗೆ ಹೇಳುವ ಮಾತು. ಶಿಲ್ಪಿಗೂ ಅದನ್ನೇ ಹೇಳಿದೆ, ಅವನೂ ನಂಬಿದ. ಪಾರ್ಸಲ್ಲಿನ ವಿಷಯದಲ್ಲಿ ನನ್ನನ್ನು ನಂಬದೆ ಇನ್ನಾರನ್ನು ನಂಬಬೇಕು. ಒಂದು ದಿನ ಎರಡಾಯಿತು, ವಾರವಾಯಿತು, ಆರು ವಾರವಾಯಿತು. ಅಪ್ಪ ಪ್ರತಿ ಸಂಜೆ ನನ್ನನ್ನೇ ಕಾಯುತ್ತಿದ್ದ. ಕಾರು ನಿಲ್ಲಿಸುವಾಗ ಕಿಟಕಿಯಲ್ಲಿ ಅವನ ಮುಖ ಕಾಣುತ್ತಿತ್ತು. ಅದು ಪ್ಯಾಕೆಟ್ಟಿಗಾಗಿ ಕಾಯುವ ಮುಖ ಎಂದು ಗೊತ್ತಿದ್ದೂ ನನಗೆ ಹಿತವಾಗಿತ್ತು.

ಆಗಸ್ಟಿನ ಒಂದು ಬುಧವಾರ ಡಾಕಿನಲ್ಲಿ ಸ್ಕ್ಯಾನರ್ ಹಿಡಿದು ನಿಂತಿದ್ದೆ. ಗಾಳಿಯಲ್ಲಿ ರಾಳ ಸುಡುವ ವಾಸನೆ ಬಂತು. ತಕ್ಷಣ ಅರ್ಥವಾಯಿತು, ಪ್ರದರ್ಶನ ಹತ್ತಿರವಾಯಿತೆಂದು ಅವರು ಕಾಯುವುದನ್ನು ಬಿಟ್ಟಿದ್ದರು. ನವಸಾಗರ ಇಲ್ಲದಾಗ ರಾಳ ಹಾಕಿ ಕಲಾಯಿ ಮಾಡುವುದುಂಟು, ಆದರೆ ರಾಳ ಬೇಗ ಕರಕಾಗುತ್ತದೆ, ಅದಕ್ಕೆ ಬಹಳ ಚುರುಕು ಕೈ ಬೇಕು. ಅಪ್ಪನೇ ಹಿಂದೆ ಯಾವತ್ತೋ ಓಣಿಯವರಿಗೆ ಹೇಳಿದ್ದ. ನನ್ನ ಲಾಕರಿಗೂ ಅವರ ಒಲೆಗೂ ಇನ್ನೂರು ಹೆಜ್ಜೆ. ಪ್ಯಾಕೆಟ್ಟು ಹಿಡಿದು ಓಡಿದ್ದರೆ ಆಗುತ್ತಿತ್ತು. ಈಗ ಬಂತು ನೋಡಪ್ಪಾ ಅಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಾನು ಎದುರಿಗಿದ್ದ ಟ್ರಕ್ಕಿನ ಡಬ್ಬಿಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿದೆ. ಅದು ಮುಗಿದ ಮೇಲೆ ಇನ್ನೊಂದು ಟ್ರಕ್ಕು.

ಶಿಫ್ಟು ಮುಗಿಸಿ ಹೋದಾಗ ಏಳೂ ಕೊಳಗಗಳು ಸಾಲಾಗಿ ಆರುತ್ತಿದ್ದವು. ತವರ ಅಲ್ಲಲ್ಲಿ ಮಾತ್ರ ಹಿಡಿದಿತ್ತು. ಉಳಿದ ಕಡೆ ಕರಕು ಕಲೆ, ನಡುನಡುವೆ ತಾಮ್ರ ಬತ್ತಲಾಗಿ ಕಾಣುತ್ತಿತ್ತು, ತಳದಲ್ಲಿ ತವರ ಹನಿಹನಿಯಾಗಿ ಗಟ್ಟಿಯಾಗಿತ್ತು. ಹುಬ್ಬಳ್ಳಿಯಲ್ಲಾಗಿದ್ದರೆ ಗಿರಾಕಿ ಪಾತ್ರೆಯನ್ನು ಅಂಗಡಿಗೆ ಎಸೆದು ಹೋಗುತ್ತಿದ್ದ. ಶಿಲ್ಪಿ ಮಾತ್ರ ಕೊಳಗದಿಂದ ಕೊಳಗಕ್ಕೆ ಕುಣಿಯುತ್ತಿದ್ದ. ಕಪ್ಪಿನೊಳಗಿಂದ ಬಿಳುಪು ಹುಟ್ಟುವ ಗಳಿಗೆ ಸಿಕ್ಕಿಬಿಟ್ಟಿದೆ, ಇದನ್ನು ನಾನು ಮೂವತ್ತು ವರ್ಷದಿಂದ ಹುಡುಕುತ್ತಿದ್ದೆ ಎಂದು ಅಪ್ಪನ ಎರಡೂ ಕೆನ್ನೆಗೆ ಮುತ್ತಿಟ್ಟ. ಅಪ್ಪ ಮರದಂತೆ ನಿಂತಿದ್ದ. "ಒಂದು ಕೆಟ್ಟಾಗ ನಿಲ್ಲಿಸ್ಬೇಕಿತ್ತು. ಇವ ಬಿಡಲಿಲ್ಲ" ಎಂದು ನನಗೆ ಮಾತ್ರ ಹೇಳಿದ.

ಆ ರಾತ್ರಿ ಅಪ್ಪ ಉಣ್ಣಲಿಲ್ಲ. ಬೆಳಿಗ್ಗೆ ಚಹಾದ ಕಪ್ಪು ಹಿಡಿದ ಕೈಯನ್ನು ಬೆಳಕಿಗೆ ಚಾಚಿ ನೋಡಿಕೊಳ್ಳುತ್ತಿದ್ದ. "ಕೈ ಹೋತವಾ" ಎಂದ. "ಒರಸಾಕ ಹೋದಾಗ ಅರ್ಧ ಕ್ಷಣ ತಡಾ ಆತು. ನಾ ಒರಸಿದ್ದಕ್ಕೆಲ್ಲಾ ತಡಾ ಆತು." ರಾಳವನ್ನು ಅವನು ದೂರಲಿಲ್ಲ, ಶಿಲ್ಪಿಯನ್ನು ದೂರಲಿಲ್ಲ, ಬಾರದ ಪ್ಯಾಕೆಟ್ಟನ್ನೂ ದೂರಲಿಲ್ಲ. ಅವತ್ತಿನಿಂದ ಯೂನಿಟ್ಟಿಗೆ ಹೋಗುವುದನ್ನು ಬಿಟ್ಟ. ಕುರ್ಚಿ ಎಳೆದುಕೊಂಡು ಟಿವಿಯ ಮುಂದೆ ಕೂತ. ಜೂನಿನಿಂದ ನಾನು ಬೇಡಿಕೊಂಡದ್ದು ಇದನ್ನೇ, ಅಪ್ಪ ಮನೆಯಲ್ಲಿರಬೇಕೆಂದು. ಈಗ ಅವನ ಪಕ್ಕ ಕೂರಲು ನನಗೇ ಆಗುತ್ತಿರಲಿಲ್ಲ, ಅಡಿಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಹೇಳಬೇಕು, ಇವತ್ತು ಹೇಳಬೇಕು ಎಂದು ದಿನಾ ಹೊರಡುವುದು, ಬಾಗಿಲ ತನಕ ಬಂದು ವಾಪಸ್ಸು ತಿರುಗುವುದು. ನಾನು ಮಾಡಿದ್ದನ್ನು ಹೇಳಿದರೆ ಯಾಕೆ ಮಾಡಿದೆ ಎಂದು ಕೇಳುತ್ತಾನೆ. ಅದಕ್ಕೆ ಉತ್ತರ ಕೊಡುವ ಧೈರ್ಯ ಇರಲಿಲ್ಲ. ಅಪ್ಪನಿಗೆ ತನ್ನ ಕೈಯ ಮೇಲೆ ಇದ್ದ ನಂಬಿಕೆ ಹೋದರೂ ಸರಿ, ನನ್ನ ಹೊಟ್ಟೆಕಿಚ್ಚು ಬಯಲಾಗಬಾರದು ಎಂದು ನಾನು ಒಂದು ತಿಂಗಳಿಗೂ ಹೆಚ್ಚು ಕಾಲ ಕಾಪಾಡಿಕೊಂಡೆ.

ಪ್ರದರ್ಶನ ಸೆಪ್ಟೆಂಬರ್ ಕೊನೆಯಲ್ಲಿ. ಅಪ್ಪನ ವಿಮಾನ ಅದಾದ ಎರಡನೆಯ ದಿನಕ್ಕೆ. ಬರುವುದಿಲ್ಲ ಎಂದು ಹಟ ಹಿಡಿದವನನ್ನು ಶಿಲ್ಪಿಯೇ ಮನೆಗೆ ಬಂದು, ಕೈ ಹಿಡಿದು ಒಪ್ಪಿಸಿದ. ಅಪ್ಪ ಬಿಳಿ ಧೋತ್ರ, ಕೋಟು, ಟೋಪಿ ಹಾಕಿಕೊಂಡ. ಕಾರಿನಲ್ಲಿ ಹೋಗುವಾಗ ನನಗೆ ಧಾರವಾಡದ ಬಾಗಿಲು ನೆನಪಾಯಿತು. ಈ ಶಿಲ್ಪಿಗಾದರೆ ಇಷ್ಟು ದೂರ, ಕೋಟು ಹಾಕಿಕೊಂಡು.

ಟೊರೊಂಟೊದ ಹಳೆಯ ಇಟ್ಟಿಗೆಯ ಕಟ್ಟಡ ಅದು. ಮೊದಲ ಕೋಣೆಯಲ್ಲಿ ಟಾರಿನಲ್ಲಿ ಅದ್ದಿದ ಗೋಣಿ ಮತ್ತು ಇದ್ದಿಲು. ಕೊನೆಯ ಕೋಣೆಯಲ್ಲಿ ಇಟ್ಟಿಗೆಪುಡಿಯ ಕೆಂಪು ಗುಡ್ಡ. ನಡುವಿನದು ಬಿಳಿಯ ಕೋಣೆ. ನೆಲದ ತುಂಬ ಉಪ್ಪು ಹರವಿ, ಅದರ ಮೇಲೆ ಏಳು ಕೊಳಗಗಳನ್ನು ಬಾಯಿ ಮೇಲಾಗಿ ಇಟ್ಟು, ಒಂದೊಂದರ ಒಳಗೂ ಬೆಳಕು ಬೀಳುವಂತೆ ಮಾಡಿದ್ದರು. ಪ್ರತಿ ಕಲೆ, ಪ್ರತಿ ಹನಿ ಎದ್ದು ಕಾಣುತ್ತಿತ್ತು. ಜನ ಬಗ್ಗಿ ಬಗ್ಗಿ ನೋಡುತ್ತಿದ್ದರು, ಫೋಟೊ ತೆಗೆಯುತ್ತಿದ್ದರು. ಗೋಡೆಯ ಫಲಕದಲ್ಲಿ ಶಿಲ್ಪಿಯ ಹೆಸರಿನ ಕೆಳಗೆ ಅಪ್ಪನ ಹೆಸರೂ ಇತ್ತು, ಹುಬ್ಬಳ್ಳಿಯ ತಾಮ್ರದ ಕಸುಬಿನವರು ಎಂದು. ನನ್ನ ಹೆಸರು ಯಾವ ಗೋಡೆಯ ಮೇಲೂ ಎಂದೂ ಬಂದದ್ದಿಲ್ಲ ಎಂಬುದು ಆಗಲೂ ತಲೆಗೆ ಬಂತು, ನೋಡಿ.

"ಏನು ಬರದಾರ?" ಎಂದು ಅಪ್ಪ ಕೇಳಿದ. ಓದಿ ಹೇಳಿದೆ. "ನನ್ನ ಹೆಸರು ಯಾಕ ಹಾಕಿದ್ರು" ಎಂದು ಅವನು ಟೋಪಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡ. ಕೊಳಗಗಳಿಗೆ ಬೆನ್ನು ಹಾಕಿ ನಿಂತ.

ಅಷ್ಟರಲ್ಲಿ ಕನ್ನಡಕದ ಹೆಂಗಸೊಬ್ಬಳು ಬಂದು, ಈ ಅದ್ಭುತ ಮೇಲ್ಮೈಯನ್ನು ಹೇಗೆ ಸಾಧಿಸಿದಿರಿ ಎಂದು ಅಪ್ಪನನ್ನು ಕೇಳಿದಳು. ಅಪ್ಪ ನನ್ನ ಕಡೆ ನೋಡಿದ. "ಹ್ಯಾಂಗ ಮಾಡಿದ್ರಿ ಅಂತ ಕೇಳಾಕತ್ತಾರ" ಎಂದೆ.

"ಮುದುಕ ಆಗೀನಿ, ಕೈ ನಡುಗ್ತಾವು, ಅದಕ್ಕ ಹಿಂಗ ಆತು ಅಂತ ಹೇಳು" ಎಂದ ಅಪ್ಪ. ದನಿಯಲ್ಲಿ ಕೋಪವೇನೂ ಇರಲಿಲ್ಲ. ಹೆಂಗಸು ನಗುಮುಖದಿಂದ ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಅವಳಿಗೆ ಕ್ಷಮಿಸಿ ಅಂದು, ಅಪ್ಪನ ತೋಳು ಹಿಡಿದು ಗೋಡೆಯ ಪಕ್ಕಕ್ಕೆ ಕರೆದೊಯ್ದೆ.

"ಅಪ್ಪಾ, ನಿನ್ನ ಕೈ ನಡುಗಿಲ್ಲ. ನವಸಾಗರ ಜುಲೈದಾಗನ ಬಂದಿತ್ತು. ನಾ ಮುಚ್ಚಿಟ್ಟಿದ್ದೆ. ನೀ ಅವನ ಕೈ ಹಿಡದು ಕಲಿಸಿದ್ದು ನನಗ ಸಹಿಸಾಕ ಆಗಲಿಲ್ಲ."

ಅಪ್ಪ ನನ್ನ ಮುಖ ನೋಡಿದ. ಆಮೇಲೆ ಕೇಳಿದ್ದು ನಾನು ಅಂದುಕೊಂಡಿದ್ದನ್ನಲ್ಲ. "ಹಂಗಾರ ಕೈ ಹೋಗಿಲ್ಲ?"

"ಇಲ್ಲ."

ಅವನು ಎರಡೂ ಅಂಗೈಗಳನ್ನು ಮೇಲೆ ಮಾಡಿ ನೋಡಿಕೊಂಡ, ಮಗುಚಿ ನೋಡಿಕೊಂಡ. ಆಮೇಲೆ ನೇರವಾಗಿ ಶಿಲ್ಪಿಯ ಹತ್ತಿರ ನಡೆದ, ನಾನು ಹಿಂದೆ ಓಡಿದೆ. "ಇವಗ ಹೇಳು. ಈ ಕೆಲಸ ಕೆಟ್ಟೈತಿ. ನಾಳೆ ಒಂದು ದಿನ ಕೊಡು, ನವಸಾಗರ ಐತಿ, ಏಳೂ ತಿಕ್ಕಿ ಹೊಸದಾಗಿ ಹಾಕಿಕೊಡ್ತೀನಿ." ಹೇಳಿದೆ. ನಾನು ಮಾಡಿದ್ದನ್ನೂ ಸೇರಿಸಿ ಹೇಳಿದೆ. ಶಿಲ್ಪಿ ನನ್ನನ್ನು ಬೈಯಬಹುದು ಅಂದುಕೊಂಡಿದ್ದೆ. ಅವನು ನಕ್ಕು ನನ್ನ ಭುಜ ಹಿಡಿದ. ಹಾಗಾದರೆ ನಿನ್ನ ಹೊಟ್ಟೆಕಿಚ್ಚೂ ಇದರೊಳಗಿದೆ, ಇನ್ನೂ ಚೆನ್ನಾಯಿತು, ಇದರಲ್ಲಿ ಒಂದು ಚುಕ್ಕೆಯನ್ನೂ ಯಾರೂ ಮುಟ್ಟಕೂಡದು ಎಂದ. ಅಪ್ಪನಿಗೆ ಅದನ್ನೂ ಅನುವಾದಿಸಬೇಕಾಯಿತು. ಅಪ್ಪ ಕೈ ಮುಗಿದು ಅವನಿಗೆ ನಮಸ್ಕಾರ ಮಾಡಿ ಹೊರಗೆ ನಡೆದ.

ಬೋಲ್ಟನ್ನಿಗೆ ವಾಪಸ್ಸು ಹೊರಟೆವು. ನನಗೆ ಬೈಗುಳ ಬೇಕಿತ್ತು. ಬೈದರೆ ಹಗುರಾಗುತ್ತೇನೆ ಎಂದು ಸ್ವಾರ್ಥಕ್ಕೆ ಕಾಯುತ್ತಿದ್ದೆ. ನಮ್ಮ ಮನೆಯ ತಿರುವಿನ ಮೊದಲು ಕೆಂಪು ಸಿಗ್ನಲ್ಲು ಬಿತ್ತು. ಅಪ್ಪ ಮುಂದಿನ ಗಾಜನ್ನೇ ನೋಡುತ್ತ ಹೇಳಿದ.

"ಅವಂದೇನೂ ತಪ್ಪಿಲ್ಲ. ಛಲೋ ಕಲಾಯಿ ಯಾವುದು, ಕೆಟ್ಟದ್ದು ಯಾವುದು ಅವಗ ಗೊತ್ತಿಲ್ಲ. ಅಲ್ಲಿ ಬಂದ ಮಂದಿಗೂ ಗೊತ್ತಿಲ್ಲ. ನಿನಗ ಗೊತ್ತಿತ್ತು. ರಾಳದ ವಾಸನಿ ಬಂದ ಕೂಡಲೆ ಗೊತ್ತಾಗಿರ್ಬೇಕು ನಿನಗ."

"ಗೊತ್ತಾಗಿತ್ತು" ಎಂದೆ.

"ಅದಕ್ಕ. ನೀ ಕೆಲಸ ಬಲ್ಲಾಕಿ. ಕೆಲಸ ಬಲ್ಲವರು ಕೆಲಸ ಕೆಡಸಬಾರದು. ಅವಗ ಮಾಫಿ ಐತಿ. ನಿನಗಿಲ್ಲ."

ಕೆಲಸ ಬಲ್ಲಾಕಿ. ಅಪ್ಪನ ಬಾಯಿಂದ ಅದನ್ನು ಕೇಳಲು ನಾನು ಇಷ್ಟು ವರ್ಷ ಬದುಕಿದ್ದೆ, ಕೇಳಿದ್ದು ಹೀಗೆ. ಹಿಂದಿನ ಕಾರಿನವನು ಹಾರ್ನ್ ಹೊಡೆದ, ಸಿಗ್ನಲ್ಲು ಹಸಿರಾಗಿತ್ತು, ನಾನು ಗಾಡಿ ತಿರುಗಿಸಿದೆ.